ನೋಲೀನ್‌ಗೂ ತೆರೆಯದ ಪೆಟ್ಟಿಗೆ

ಮರಳುಗಾಡಿನ ನಡುವೆ ಇರುವ ನಮ್ಮ ಮೂಲನಿವಾಸಿಗಳ ಊರು ಕೂಲಿಬಾ ಬೋರ್‌ನ ಭಾಷಾ ಆಫೀಸು ಅಂದರೆ ಕ್ಲಿನಿಕ್ಕಿನ ಹಿಂದಿರುವ ಒಂದು ತಗಡಿನ ಕೋಣೆ. ಎರಡು ಕಂಪ್ಯೂಟರು, ಗೊರಗೊರ ಅನ್ನುವ ಒಂದು ಏಸಿ, ಬಾಗಿಲಿಗೆ ಅಡ್ಡ ಮಲಗಿದ ಯಾರದೋ ನಾಯಿ. ಹತ್ತೊಂಬತ್ತು ವರ್ಷದಿಂದ ಅದನ್ನು ನಡೆಸಿಕೊಂಡು ಬಂದವಳು ನೋಲೀನ್. ಊರಿನ ಹಿರಿಯರನ್ನು ಕೂರಿಸಿ, ಕೈಗೆ ಚಹಾ ಕೊಟ್ಟು, ಅವರು ಆಡಿದ್ದನ್ನೆಲ್ಲ ರೆಕಾರ್ಡ್ ಮಾಡಿ ಇಡುವುದು ಅವಳ ಕೆಲಸ. ಯಾವ ಹಳ್ಳದ ಮರಳನ್ನು ಎಷ್ಟು ಆಳ ತೋಡಿದರೆ ನೀರು, ಯಾವ ಗೆಡ್ಡೆ ಯಾವ ಮಳೆಯ ಮೇಲೆ, ಯಾರ ಅಜ್ಜ ಯಾವ ದನದ ಧಣಿಗೆ ಹೇಗೆ ಟೋಪಿ ಹಾಕಿದ, ಎಲ್ಲವೂ ಅವಳಲ್ಲಿ ಇತ್ತು. ಇದ್ದ ಜಾಗ ಮಾತ್ರ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಏಳು ಸಣ್ಣ ಡಿಸ್ಕುಗಳು, ಅದರಲ್ಲಿ ಒಂದು ಆಗಲೇ ಕೈಕೊಟ್ಟಿತ್ತು.

ಗಟ್ಟಿ ಬಾಯಿಯ ಹೆಂಗಸು. ಮೀಟಿಂಗಿನಲ್ಲಿ ಅವಳು ಸುಮ್ಮನೆ ಕೂತದ್ದನ್ನು ನೋಡಿದವರಿಲ್ಲ. ತನ್ನ ಕೈಗೆ ಬಂದದ್ದು ಭದ್ರವಾಗಿರುತ್ತದೆ ಅನ್ನುವ ಹಮ್ಮು ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು. ಅದನ್ನು ಬೆಳೆಸಿದವರು ನಾವೇ.

ಆ ಹಮ್ಮಿಗೆ ಏಟು ಬಿದ್ದದ್ದು ಗೋಡೆಯ ಟೀವಿಯಿಂದ. ಪಟ್ಟಣದಿಂದ ಬಂದ ಯಾವನೋ ಪುಣ್ಯಾತ್ಮ ಆಫೀಸಿನ ಹಳೆಯ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿ, ಅವು ತಾವಾಗಿಯೇ ಟೀವಿಯಲ್ಲಿ ಬಂದು ಹೋಗುವ ಹಾಗೆ ಮಾಡಿಟ್ಟು ಹೋಗಿದ್ದ. ಒಂದು ಬೆಳಿಗ್ಗೆ ಡಲ್ಸಿ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. ‘ನಾಲ್ಕು ವರ್ಷದ ಹಿಂದೆ ಇದೇ ದಿನ’ ಅನ್ನುವ ತಲೆಬರಹದೊಂದಿಗೆ, ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡ ಅವಳ ಮಗ ಗೋಡೆಯ ತುಂಬ ನಕ್ಕ. ನಮ್ಮಲ್ಲಿ ಹೋದವರ ಹೆಸರು ಎತ್ತುವಂತಿಲ್ಲ, ಮುಖ ತೋರಿಸುವಂತಿಲ್ಲ, ದನಿ ಕೇಳಿಸುವಂತಿಲ್ಲ. ಎಷ್ಟು ಕಾಲ ಅನ್ನುವುದನ್ನು ಮನೆಯವರು ಹೇಳಬೇಕು. ಯಂತ್ರಕ್ಕೆ ಇದನ್ನು ಯಾರು ಹೇಳಿದ್ದರು? ನೋಲೀನ್ ಓಡಿಹೋಗಿ ವೈರು ಕೀಳುವ ಹೊತ್ತಿಗೆ ಡಲ್ಸಿ ಎದ್ದು ಹೋಗಿಯಾಗಿತ್ತು.

ಮರುದಿನ ಡಲ್ಸಿ ಖಾಲಿ ಹಿಟ್ಟಿನ ಚೀಲ ಹಿಡಿದು ಬಂದಳು. ವರಸೆಯಲ್ಲಿ ಅವಳು ನೋಲೀನ್‌ಗೆ ಅತ್ತಿಗೆ, ಅಣ್ಣನ ಹೆಂಡತಿಯಲ್ಲ, ಬೀಗರ ಕಡೆಯವಳು. ಆ ವರಸೆಯವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಕಾಡಿಸಬಹುದು, ಮೂವತ್ತು ವರ್ಷದಿಂದ ಅವರಿಬ್ಬರೂ ಕಾಡಿಸಿಕೊಂಡೇ ಬಂದಿದ್ದರು. ಅವತ್ತು ಮಾತ್ರ ಡಲ್ಸಿಯ ಬಾಯಲ್ಲಿ ಹುಡುಗಾಟ ಇರಲಿಲ್ಲ.

“ನಮ್ಮ ಮನೆಯವರ ದನಿ ನಮಗೆ ಕೊಟ್ಬಿಡು ನೋಲೀನ್. ನಮ್ಮ ಶೆಡ್ಡಲ್ಲೇ ಇಟ್ಕೋತೀವಿ.”

ಆ ಮನೆಯವರದು ಅರವತ್ತು ಹಳೆಯ ಕ್ಯಾಸೆಟ್ಟುಗಳು, ಜೊತೆಗೆ ಅವುಗಳನ್ನು ಇಳಿಸಿಕೊಂಡಿದ್ದ, ಡಬ್ಬಿಯೊಳಗಿನ ಎರಡು ಡಿಸ್ಕು. ಉತ್ತರದ ಕಡೆಯ ನೀರಿನ ತಾಣಗಳ ಹೆಸರೆಲ್ಲ ಆ ಮನೆಯವರ ಬಾಯಲ್ಲಿ ಮಾತ್ರ ಇದ್ದವು, ಆ ಬಾಯಿಗಳಲ್ಲಿ ಉಳಿದಿದ್ದದ್ದು ಡಲ್ಸಿಯದೊಂದೇ. ತಗಡಿನ ಶೆಡ್ಡಿನ ಸೆಖೆಯಲ್ಲಿ ಒಂದು ಬೇಸಿಗೆ ಕಳೆದರೆ ಮುಗಿಯಿತು. ಒಬ್ಬರು ಚೀಲ ತಂದರೆ ಊರೆಲ್ಲ ಚೀಲ ತರುತ್ತದೆ ಅನ್ನುವುದೂ ನೋಲೀನ್‌ಗೆ ಗೊತ್ತಿತ್ತು. ಅವಳು ತನಗೆ ಬಾರದ ಕೆಲಸವೊಂದನ್ನು ಮಾಡಿದಳು, ಬೇಡಿಕೊಂಡಳು. ಚಳಿಗಾಲ ಮುಗಿಯುವವರೆಗೆ ಸಮಯ ಕೊಡು, ಮುಚ್ಚಬೇಕಾದ್ದನ್ನು ಮುಚ್ಚಿಡುವಂಥದ್ದೇನಾದರೂ ತರುತ್ತೇನೆ ಅಂದಳು. ಡಲ್ಸಿ ಚೀಲವನ್ನು ಮಡಚಿ ಅವಳ ಮೇಜಿನ ಮೇಲೇ ಇಟ್ಟು ಹೋದಳು.

ಮೂರೂವರೆ ಗಂಟೆ ಮಣ್ಣುರಸ್ತೆಯಲ್ಲಿ ಕುಲುಕಿಕೊಂಡು ನೋಲೀನ್ ಆಲಿಸ್ ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದಳು. ಅಂಗಡಿಯ ಟ್ರೆವರ್ ಒಳ್ಳೆಯ ಮನುಷ್ಯ, ಆದರೆ ಬಾಯಿ ಬಿಟ್ಟರೆ ಲೆಕ್ಕ. ಎಷ್ಟು ಟೆರಾಬೈಟು, ಎಷ್ಟು ವೇಗ, ಎಷ್ಟು ಜನ ಒಟ್ಟಿಗೆ ಬಳಸುತ್ತೀರಿ. ಇಂಟರ್ನೆಟ್ಟಿನಲ್ಲೇ ಇಟ್ಟುಬಿಡಿ, ತಲೆನೋವೇ ಇಲ್ಲ ಅಂತಲೂ ಹೇಳಿನೋಡಿದ. ಒಂದು ಗುಡುಗಿಗೆ ನಮ್ಮೂರಿನ ಇಂಟರ್ನೆಟ್ಟು ಮೂರು ದಿನ ಮಲಗುತ್ತದೆ, ಇದ್ದಾಗಲೂ ಏನು ಮಾಡಿತು ಅನ್ನುವುದು ಗೊತ್ತಿದೆ ಎಂದಳು ನೋಲೀನ್. ಹಾಗಾದರೆ ಬೇಕಾದ್ದು ಆಫೀಸಿನಲ್ಲೇ ಕೂರುವ ಸ್ಟೋರೇಜ್ ಪೆಟ್ಟಿಗೆ ಅಂದ. ಒಳಗೆ ಎರಡು ಡಿಸ್ಕು, ಒಂದು ಸತ್ತರೆ ಇನ್ನೊಂದರಲ್ಲಿ ಅದೇ ಇರುತ್ತದೆ, ಆಫೀಸಿನ ಎಲ್ಲ ಕಂಪ್ಯೂಟರಿಗೂ ಅದೊಂದೇ ಉಗ್ರಾಣ. ಆದರೂ ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ಇನ್ನೊಂದು ಪ್ರತಿ ತೆಗೆದು ಬೇರೆ ಕಡೆ ಇಡಿ, ಇದರಲ್ಲಿ ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿದ.

ನೋಲೀನ್ ಎಲ್ಲ ಕೇಳಿಸಿಕೊಂಡು ತನ್ನ ಪ್ರಶ್ನೆ ಕೇಳಿದಳು. ಒಬ್ಬ ಮನುಷ್ಯನನ್ನು ಬಿಸಾಡದೆ ಮುಚ್ಚಿಡಲು ಬರುತ್ತದೆಯೇ?

ಟ್ರೆವರ್‌ಗೆ ಅರ್ಥವಾಗಲು ಒಂದು ಕಪ್ ಕಾಫಿಯ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮಾತ್ರ ಅವನು ಬೆಲೆಪಟ್ಟಿಯನ್ನು ಪಕ್ಕಕ್ಕೆ ಸರಿಸಿ ನಿಜವಾಗಿ ಕೆಲಸಕ್ಕೆ ಇಳಿದ. ಮೊದಲ ಪೆಟ್ಟಿಗೆಯಲ್ಲಿ ಒಂದು ಫೋಲ್ಡರಿಗೆ ಬೀಗ ಹಾಕಿ ತೋರಿಸಿದ. ತೆರೆಯಲು ಬರಲಿಲ್ಲ, ಆದರೆ ಹೆಸರು ಎದ್ದು ಕಾಣುತ್ತಿತ್ತು.

“ಇದೇನು ಟ್ರೆವರ್, ಬಾಗಿಲ ಮೇಲೆ ಹೆಸರು ಬರೆದು ಬೀಗ ಹಾಕ್ದಂಗಾಯ್ತಲ್ಲ. ಆ ಹೆಸರೇ ಕಾಣಬಾರ್ದು.”

ಎರಡನೆಯದರಲ್ಲಿ ಅನುಮತಿ ಇಲ್ಲದವರಿಗೆ ಫೋಲ್ಡರು ಇದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಅದು ಬೆಲೆಯಲ್ಲೂ ಗಾತ್ರದಲ್ಲೂ ಚಿಕ್ಕದು. ಮುಖ ಗುರುತಿಸಿ ಫೋಟೋ ಜೋಡಿಸುವ ಸೌಲಭ್ಯ ಬಹಳ ಚೆನ್ನಾಗಿದೆ ಎಂದು ಟ್ರೆವರ್ ಶುರುಮಾಡಿದ, ಅವಳ ಮುಖ ನೋಡಿ ಅದನ್ನು ಅಲ್ಲೇ ಕಿತ್ತುಹಾಕಿದ. ಕೆಂಪು ಧೂಳು ಹೋಗದ ಹಾಗೆ ಫ್ಯಾನಿಗೆ ಜಾಲರಿ, ಕರೆಂಟು ಹೋದರೆ ತಡೆಯಲು ಒಂದು ಬ್ಯಾಟರಿ ಕೊಟ್ಟ. ಕೊನೆಗೆ ಕೇಳಿದ, ಇದಕ್ಕೆ ಯಜಮಾನರು ಯಾರು? ಯಜಮಾನರಿಗೆ ಎಲ್ಲವೂ ಕಾಣುತ್ತದೆ.

“ನಾನೇ. ಇನ್ಯಾರು?” ಅಂದಳು ನೋಲೀನ್. ಆ ಪ್ರಶ್ನೆ ಅವಳಿಗೆ ಪ್ರಶ್ನೆ ಅಂತಲೇ ಅನ್ನಿಸಲಿಲ್ಲ.

ಊರಿಗೆ ತಂದು ಜೋಡಿಸಿದ ದಿನ ಡಲ್ಸಿ ಬಂದು ಪೆಟ್ಟಿಗೆಯನ್ನು ಕುರಿ ಕೊಳ್ಳುವವಳಂತೆ ಸುತ್ತಲೂ ನೋಡಿದಳು. ಬೇರೆ ಬೇರೆಯವರ ಹೆಸರಿನಲ್ಲಿ ತೆರೆಸಿ ನೋಡಿದಳು. ಮಗನ ಫೋಲ್ಡರು ಎಲ್ಲೂ ಕಾಣಲಿಲ್ಲ. ನಿನಗೆ ಕಾಣುತ್ತದೆಯೇ ಎಂದು ಕೇಳಿದಳು. ನನಗೆ ಕಾಣುತ್ತದೆ, ನಾನು ನೋಡುವುದಿಲ್ಲ ಎಂದಳು ನೋಲೀನ್.

“ನಮ್ಮನೆಯವರದ್ದು ನೀನು ನೋಡಲ್ಲ, ಗೊತ್ತು. ನಿಮ್ಮನೇಲೇ ಒಬ್ರು ಹೋದಾಗ?”

“ನನ್ನನ್ನ ಏನಂದ್ಕೊಂಡಿದ್ದೀಯ ಅತ್ತಿಗೆ?”

“ಮನುಷ್ಯಳು ಅಂದ್ಕೊಂಡಿದ್ದೀನಿ.”

ಡಲ್ಸಿ ಅರವತ್ತು ಕ್ಯಾಸೆಟ್ಟನ್ನೂ ಎರಡು ಡಿಸ್ಕನ್ನೂ ಹಿಟ್ಟಿನ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟಳು. ಹೋಗುವ ಮುಂಚೆ ಪೆಟ್ಟಿಗೆಯಲ್ಲಿ ಇಳಿಸಿದ್ದ ಪ್ರತಿಯನ್ನೂ ತನ್ನ ಎದುರಿಗೇ ಅಳಿಸಿಸಿದಳು. ನೋಲೀನ್‌ಗೆ ಮೈಯೆಲ್ಲ ಉರಿಯಿತು. ವಾರಗಟ್ಟಲೆ ಅತ್ತಿಗೆಯ ಮನೆಯ ಮುಂದೆ ಗಾಡಿಯ ವೇಗ ಇಳಿಸದೆ ಹೋದಳು.

ಅಕ್ಟೋಬರಿನಲ್ಲಿ ನೋಲೀನ್‌ಳ ಅಣ್ಣ ಹೋದ. ದನದ ಬೇಲಿ ರಿಪೇರಿಗೆ ಹೋದವನು ಗಾಡಿಯ ನೆರಳಿನಲ್ಲಿ ಕೂತವನು ಏಳಲಿಲ್ಲ. ಅವನಿಗೆ ಅರವತ್ತೊಂದು. ಅವನ ಮನೆ ಗುಡಿಸಿ, ಎಲೆಯ ಹೊಗೆ ಹಾಕಿದರು. ಅದೇ ಹೆಸರಿದ್ದ ಗ್ಯಾರೇಜಿನವನನ್ನು ಅಂದಿನಿಂದ ಎಲ್ಲರೂ ಬೇರೆ ಹೆಸರಿಂದ ಕರೆದರು. ನೋಲೀನ್ ತಲೆಗೂದಲು ಕತ್ತರಿಸಿಕೊಂಡು ಸೂತಕದ ಕ್ಯಾಂಪಿನಲ್ಲಿ ಉಳಿದ ಹೆಂಗಸರ ಜೊತೆ ಕೂತಳು. ಸಾವಿನ ಕೆಲಸವೆಲ್ಲ ನಮ್ಮಲ್ಲಿ ಬೀಗರ ಕಡೆಯವರದು, ಅಳುವವರ ಕೈಗೆ ಯಾವುದನ್ನೂ ಬಿಡುವುದಿಲ್ಲ. ಹಾಗಾಗಿ ಡಲ್ಸಿಯೇ ಮುಂದೆ ನಿಂತು ಎಲ್ಲ ನೋಡಿಕೊಂಡಳು.

ಐದು ವಾರದ ಮೇಲೆ ನೋಲೀನ್ ಆಫೀಸಿನ ಬೀಗ ತೆಗೆದಳು. ಮಾಡಬೇಕಾದ ಮೊದಲ ಕೆಲಸ ಅಣ್ಣನ ಫೋಲ್ಡರನ್ನು ಮುಚ್ಚುವುದು. ಮುಚ್ಚಿದಳು. ಬೇರೆ ಎಲ್ಲರಿಗೂ ಅವನು ಮಾಯವಾದ, ಅವಳಿಗೆ ಮಾತ್ರ ಅಲ್ಲೇ ಇದ್ದ. ಮೂರು ದಿನ ಅವಳು ಬೇರೆ ಕೆಲಸ ಮಾಡಿದಳು. ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಇಟ್ಟು, ಒತ್ತಿದಳು.

“ಶುರು ಮಾಡ್ಲಾ?” ಅಂದ ಅಣ್ಣ, ಅವಳ ಕಿವಿಯೊಳಗೆ, ಬದುಕಿದ್ದವನ ಹಾಗೆಯೇ.

ಅಷ್ಟೇ ಕೇಳಿದ್ದು. ಹೆಡ್‌ಫೋನನ್ನು ಕಿತ್ತು ನೆಲಕ್ಕೆ ಎಸೆದಳು. ಅವಳಿಗೆ ಭಯವಾಯಿತು, ನಾಚಿಕೆಯಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ನಾಳೆಯೂ ಹೀಗೇ ಅನ್ನಿಸುತ್ತದೆ, ನಾಡಿದ್ದು ತಾನು ಒತ್ತಿಯೇ ಬಿಡುತ್ತೇನೆ ಎಂದು ಅವಳಿಗೆ ಖಚಿತವಾಗಿ ಗೊತ್ತಾಯಿತು. ಹತ್ತೊಂಬತ್ತು ವರ್ಷ ಊರಿನ ದನಿ ಕಾದವಳಿಗೆ ತನ್ನ ಕೈಯೇ ನಂಬಿಕೆಗೆಟ್ಟದ್ದಾಗಿತ್ತು.

ಅವಳು ನಡೆದುಕೊಂಡು ಡಲ್ಸಿಯ ಮನೆಗೆ ಹೋದಳು. ಡಲ್ಸಿ ಅಂಗಳದ ಬೆಂಕಿಯಲ್ಲಿ ಕಾಂಗರೂ ಬಾಲ ಸುಡುತ್ತಿದ್ದಳು. ಕೇಳಿಬಿಟ್ಟೆ ಅತ್ತಿಗೆ ಎಂದಳು ನೋಲೀನ್. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದಳು. ಡಲ್ಸಿ ಬಾಲವನ್ನು ಮಗುಚಿ ಹಾಕಿ ಕೇಳಿದಳು.

“ಎಷ್ಟು ಕೇಳಿದೆ?”

“ಒಂದು ಮಾತು.”

“ನಾನಾಗಿದ್ರೆ ಪೂರ್ತಿ ಕೇಳ್ತಿದ್ದೆ. ಕೂತ್ಕೋ, ತಿನ್ನು.”

ಮರುದಿನ ಇಬ್ಬರೂ ಸೇರಿ ಟ್ರೆವರ್‌ಗೆ ಫೋನು ಮಾಡಿದರು. ಯಜಮಾನರಿಗೂ ತೆರೆಯದ ಫೋಲ್ಡರು ಬೇಕು ಅಂದಳು ನೋಲೀನ್. ಅದಕ್ಕೂ ದಾರಿ ಇದೆ ಅಂದ ಟ್ರೆವರ್. ಅದರದ್ದೇ ಬೇರೆ ಗುಪ್ತಪದ ಇಟ್ಟರೆ, ಅದು ಗೊತ್ತಿಲ್ಲದವರಿಗೆ ಒಳಗಿರುವುದೆಲ್ಲ ಬರೀ ಕಸ. ಆದರೆ ಇಟ್ಟವರು ಮರೆತರೆ ದೇವರು ಬಂದರೂ ತೆಗೆಯಲಾಗದು ಎಂದು ಎರಡೆರಡು ಸಲ ಹೇಳಿದ. ಅವನು ಹೇಳಿದಂತೆ ಹಾಗೊಂದು ಫೋಲ್ಡರು ಮಾಡಿದರು. ಗುಪ್ತಪದ ಒತ್ತುವಾಗ ನೋಲೀನ್ ಹೊರಗೆ ಹೋಗಿ ನಾಯಿಯ ಪಕ್ಕ ನಿಂತಳು. ಡಲ್ಸಿ ಕನ್ನಡಕ ಮೂಗಿಗೇರಿಸಿ, ಒಂದೇ ಬೆರಳಿನಿಂದ, ತನ್ನ ಭಾಷೆಯ ಯಾವುದೋ ಉದ್ದನೆಯ ಪದವನ್ನು ಕಾಲು ಗಂಟೆ ಒತ್ತಿದಳು. ಆಮೇಲೆ ನೋಲೀನ್ ಅಣ್ಣನ ದನಿಯನ್ನು ಅದರೊಳಕ್ಕೆ ಸಾಗಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೆಯ ಪ್ರತಿಗಳನ್ನೂ ಅಳಿಸಿದಳು. ನನ್ನ ಕಡೆಯ ಇನ್ನೊಬ್ಬಳಿಗೂ ಆ ಪದ ಹೇಳಿಡುತ್ತೇನೆ, ಯಾರಿಗೆ ಅಂತ ಕೇಳಬೇಡ ಅಂದಳು ಡಲ್ಸಿ.

ಆ ವಾರವೇ ಹಿಟ್ಟಿನ ಚೀಲ ವಾಪಸು ಬಂತು. ಡಲ್ಸಿಯ ಮಗನ ದನಿಗೂ ಹಾಗೇ ಬೀಗ ಬಿತ್ತು, ಅದರ ಪದ ನೋಲೀನ್ ಕಡೆಯವರದು. ಬೇರೆ ಮನೆಯವರೂ ಬಂದು ಕೇಳತೊಡಗಿದರು. ಈಗ ನಮ್ಮೂರಿನಲ್ಲಿ ಸಾವಾದರೆ ಆ ಪದ ಯಾರ ಹತ್ತಿರ ಅನ್ನುವುದನ್ನು ಬೀಗರು ಮೊದಲ ದಿನವೇ ಕೂತು ತೀರ್ಮಾನಿಸುತ್ತಾರೆ. ಪೆಟ್ಟಿಗೆಯ ಯಜಮಾನಿ ಮಾತ್ರ ನೋಲೀನ್. ಧೂಳು ಒರೆಸುತ್ತಾಳೆ, ತಿಂಗಳಿಗೊಮ್ಮೆ ಪ್ರತಿ ತೆಗೆದು ಕ್ಲಿನಿಕ್ಕಿನ ಬೀರುವಿನಲ್ಲಿಡುತ್ತಾಳೆ, ತಾನೇ ತೆರೆಯಲಾಗದ್ದನ್ನು ಜೋಪಾನ ಮಾಡುತ್ತಾಳೆ.

ನೋಲೀನ್‌ಳ ಅಣ್ಣ ಹೋಗಿ ಹದಿನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಡಲ್ಸಿ ಬಂದು, ನಾಯಿಯನ್ನು ಕಾಲಿನಿಂದ ಸರಿಸಿ, ನೋಲೀನ್‌ಳ ಕುರ್ಚಿಯಲ್ಲೇ ಕೂತಳು. ಚಹಾ ಇಡು, ಇವತ್ತು ಕೇಳೋಣ ಅಂದಳು.

“ಇವತ್ತೇ ಬೇಡ ಅತ್ತಿಗೆ. ನನ್ನ ಕೈಲಾಗಲ್ಲ.”

“ನಿನ್ನ ಕೇಳಿದ್ನಾ? ಅವನ ಹೆಂಡ್ತಿ ಮಕ್ಕಳು ಹೂಂ ಅಂದಿದಾರೆ. ಸಾಕು ಅತ್ತಿದ್ದು. ಬಾ ಇಲ್ಲಿ.”

ಪದ ಒತ್ತಿಯಾದ ಮೇಲೆ ನೋಲೀನ್ ಬಂದು ಪಕ್ಕದಲ್ಲಿ ಕೂತಳು. ಡಲ್ಸಿ ಅವಳ ಮುಂಗೈ ಹಿಡಿದುಕೊಂಡಳು. ನಮ್ಮ ಆಫೀಸಿನಲ್ಲಿ ರೆಕಾರ್ಡ್ ಮಾಡುವಾಗ ಯಾರೇ ಆದರೂ ಮೊದಲು ತಮ್ಮ ಹೆಸರು ಹೇಳಿಯೇ ಮುಂದಕ್ಕೆ ಹೋಗಬೇಕು, ಅದು ನೋಲೀನ್ ಮಾಡಿದ ನಿಯಮ.

“ಶುರು ಮಾಡ್ಲಾ? ನನ್ನ ಹೆಸರು ಡೆಸ್ಮಂಡ್,” ಅಂದ ಅವಳ ಅಣ್ಣ. “ಇವಳು ನನ್ನ ತಂಗಿ. ಗೊತ್ತಿದ್ದೂ ಕೇಳ್ತಾಳೆ.”

ಡಲ್ಸಿ ಅಲ್ಲಿಗೆ ನಿಲ್ಲಿಸಿ ನಾದಿನಿಯ ಮುಖ ನೋಡುತ್ತ ಕಾದಳು. ಅಣ್ಣ ಹೋದ ಮೇಲೆ ಮೊದಲ ಸಲ ನೋಲೀನ್ ‘ಡೆಸ್ಮಂಡ್’ ಅಂದಳು, ಮತ್ತೆ ಅಂದಳು.