ಎದುರು ಮನೆ ಅಕ್ಕ ಕಲಿಸಿದ ಎಡಿಟಿಂಗ್

ಮೊನ್ನೆ ಗುಬ್ಬಿಯ ನನ್ನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಫ್ಯಾನಿನಿಂದ ಕಾದ ಧೂಳಿನ ವಾಸನೆ ಬಂತು. ಬೇರೆಯವರಾದರೆ ಮೊದಲು ಸ್ವಿಚ್ ಆರಿಸುತ್ತಿದ್ದರು. ನಾನು ಸುಮ್ಮನೆ ಕೂತುಬಿಟ್ಟೆ. ತುಮಕೂರಿನ ನಮ್ಮ ಎದುರು ಮನೆಯ ನಡುಮನೆಯಲ್ಲಿ ದಿನವೂ ಇದೇ ವಾಸನೆ ಇರುತ್ತಿತ್ತು, ಜೊತೆಗೆ ಒಳಗಿನಿಂದ ಹುರುಳಿ ಸಾರಿನ ಒಗ್ಗರಣೆ...

ಆ ಮನೆಯ ಅಕ್ಕ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದರು. ಶೂಟಿಂಗಿಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಬೋರ್ಡಿನಲ್ಲಿ ಮಾತ್ರ ಗಂಡನ ಹೆಸರು. ಹೊಸ ಕ್ಯಾಮೆರಾದ ಭಾರಿ ಫೈಲುಗಳನ್ನು ಅವರ ಹಳೇ ಕಂಪ್ಯೂಟರಿಗೆ ಹಾಕಿದರೆ, ವಿಡಿಯೋ ತಡವರಿಸಿ, ತಾಳಿ ಕಟ್ಟುವ ಕೈ ಅರ್ಧಕ್ಕೇ ನಿಂತು, ಆಮೇಲೆ ನೋಡಿದರೆ ಗಂಟೇ ಬಿದ್ದಿರುತ್ತಿತ್ತು! ಅದಕ್ಕೆ ಅಕ್ಕ ಬೆಳಗ್ಗೆ ಎದ್ದವರೇ ಫೈಲುಗಳನ್ನೆಲ್ಲ ಕನ್ವರ್ಟ್‌ಗೆ ಹಾಕಿ, ಮುದ್ದೆಗೆ ಎಸರಿಡಲು ಹೋಗುತ್ತಿದ್ದರು. ಊಟದ ಹೊತ್ತಿಗೆ ಪ್ರತಿ ಫೈಲಿಗೂ ಒಂದು ಹಗುರವಾದ, ತುಸು ಮಸುಕಾದ ನಕಲು ತಯಾರು. ಕತ್ತರಿಸುವುದು, ಜೋಡಿಸುವುದು ಎಲ್ಲ ನಕಲಿನ ಮೇಲೆ. ಕೊನೆಗೆ ಅದರ ಜಾಗಕ್ಕೆ ಮೂಲ ಫೈಲುಗಳನ್ನು ಕೂರಿಸಿ ಕೊಡುವ ವಿಡಿಯೋ ತಯಾರಿಸುತ್ತಿದ್ದರು. ಯಾರೂ ಹೇಳಿಕೊಡದೆ ಸ್ವಂತವಾಗಿ ಕಲಿತ ವಿದ್ಯೆ ಅದು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೂ ಕಲಿಸಿದರು.

ಕುಣಿಗಲ್ಲಿನ ಒಂದು ಮದುವೆಯನ್ನು ಪೂರ್ತಿ ನನಗೇ ಒಪ್ಪಿಸಿದರು. ಡಿಸ್ಕ್ ತುಂಬಿತೆಂದು ಕಂಪ್ಯೂಟರ್ ರಗಳೆ ತೆಗೆಯಿತು. ಕನ್ವರ್ಟ್ ಆಗಿದೆಯಲ್ಲ, ಇನ್ನು ಈ ದೊಡ್ಡ ಫೈಲುಗಳೇಕೆ ಎಂದು ನಾನು ಮಹಾ ಜಾಣೆ, ಮೂಲವನ್ನೆಲ್ಲ ಅಳಿಸಿಬಿಟ್ಟೆ. ಅಷ್ಟರಲ್ಲಿ ಮದುಮಗಳ ತಂದೆ ತೀರಿಕೊಂಡ ಸುದ್ದಿ ಬಂತು. ಕೆಲವು ದಿನ ಬಿಟ್ಟು ಆ ಹುಡುಗಿಯೇ ನನಗೆ ಫೋನ್ ಮಾಡಿದಳು.

"ಧಾರೆ ಎರೆಯೋವಾಗ ನಮ್ಮಪ್ಪನ ಮುಖ ಚೆನ್ನಾಗ್ ಬಂದಿದ್ಯಾ ಅಕ್ಕಾ?"

ದೊಡ್ಡದು ಮಾಡಿ ನೋಡಿದೆ. ಕೈಯಲ್ಲಿದ್ದ ಗಿಂಡಿ ಗೊತ್ತಾಗುತ್ತಿತ್ತು. ಕಣ್ಣು, ಮೂಗು ಎಲ್ಲ ಕಲಸಿಹೋಗಿದ್ದವು.

ಒಳಗೆ ಅಕ್ಕನ ಬಳಿ ಓಡಿ ಅಳುತ್ತಲೇ ಹೇಳಿದೆ. "ಏನೇ, ಬಿತ್ತನೆ ರಾಗಿನೂ ಬೀಸ್ಬುಟ್ಯಾ?" ಎಂದರು ಅಕ್ಕ. ಅಷ್ಟೇ, ಬೈಯಲಿಲ್ಲ. ದೇವರ ಗೂಡಿನಿಂದ ಅರಿಶಿನ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಒಳಗೆ ಆ ಮದುವೆಯ ಮೂಲ ಫೈಲುಗಳಿದ್ದ ಕ್ಯಾಮೆರಾ ಕಾರ್ಡುಗಳು! ಮದುವೆ ಮನೆಯವರು ವಿಡಿಯೋ ಪೂರ್ತಿ ನೋಡಿ ಎದ್ದು ಹೋಗುವವರೆಗೆ ಕಾರ್ಡ್ ಅಳಿಸಬಾರದೆಂಬುದು ಅವರೇ ಹಾಕಿಕೊಂಡ ಕಟ್ಟಳೆ. ಮುಂದಿನ ಮದುವೆಗೆ ಕಾರ್ಡ್ ಸಾಲದೆಂದು ಗಂಡ ಗೊಣಗಿದರೂ ಜಗ್ಗುತ್ತಿರಲಿಲ್ಲ. ಆ ಗಂಟನ್ನು ನಾನು ಬರೀ ಪೂಜೆಯದೆಂದು ತಿಳಿದಿದ್ದೆ.

"ಈಗ ನೀನೇ ಕೂರ್ಸು" ಎಂದು ಅಕ್ಕ ಅಡುಗೆಮನೆಗೆ ಹೋದರು. ಮೂಲ ಫೈಲು ಕೂತ ಮೇಲೆ ಆ ತಂದೆಯ ಹಣೆಯ ಬೆವರೂ ಕಂಡಿತು, ತುಟಿ ಕಚ್ಚಿ ಅಳು ತಡೆದಿದ್ದೂ ಕಂಡಿತು. ಮದುವೆ ಮನೆಯವರು ಬಂದು ಧಾರೆಯನ್ನು ಮೂರು ಸಲ ಹಾಕಿಸಿ ನೋಡಿದರು. ನನ್ನ ತಪ್ಪಿನ ವಿಷಯ ಅಕ್ಕ ಗಂಡನ ಮುಂದೆ ಕೂಡ ಎತ್ತಲಿಲ್ಲ. ಅಂಥವರ ಕೈಯಲ್ಲಿ ಕಲಿತವಳು ನಾನು; ಯಾರು ಕೇಳಿದರೂ ಜಂಬದಿಂದಲೇ ಹೇಳುತ್ತೇನೆ.

ಅವತ್ತಿನ ಭಯಕ್ಕೆ ಆ ಕಾರ್ಡುಗಳಲ್ಲಿದ್ದುದನ್ನೆಲ್ಲ, ಬೇಡದ ತುಣುಕುಗಳ ಸಮೇತ, ಬೇರೊಂದು ಡಿಸ್ಕಿಗೆ ತುಂಬಿಸಿಟ್ಟುಕೊಂಡಿದ್ದೆ. ಅಕ್ಕ ತೀರಿಹೋಗಿ ಎರಡು ವರ್ಷವಾಯಿತು... ಮೊನ್ನೆ ಆ ವಾಸನೆ ಬಂದ ಮೇಲೆ ಯಾಕೋ ಆ ತುಣುಕುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದರಲ್ಲಿ, ಮದುಮಗಳ ಕೋಣೆಯಲ್ಲಿ ಅಕ್ಕ ಕ್ಯಾಮೆರಾ ಆಫ್ ಮಾಡಲು ಮರೆತಿದ್ದರು. ಬರೀ ಚಾಪೆ, ಯಾರದೋ ಕಾಲು. ಅದರ ಹಿಂದೆ ಅವರ ದನಿ, ಯಾರಿಗೋ ಹೇಳುತ್ತಿತ್ತು:

"ಈ ಮದ್ವೆ ಎಡಿಟಿಂಗು ನಮ್ಮುಡ್ಗೀದು ಕಣ್ರೀ. ನೋಡ್ತಿರಿ, ನನ್ನೂ ಮೀರಿಸ್ತಾಳೆ."

ನಾನು ತಪ್ಪು ಮಾಡುವ ಮೊದಲು ಆಡಿದ ಮಾತು. ತಪ್ಪಾದ ಮೇಲೂ ಅವರು ಅದನ್ನು ವಾಪಸ್ ತೆಗೆದುಕೊಂಡಿರಲಿಲ್ಲ. ಕೇಳಿಸಿತು ಅಕ್ಕಾ ಎಂದು ಹೋಗಿ ಹೇಳೋಣವೆಂದರೆ, ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.