‘ಕರ್ಕಶ’ದ ಹದಿನಾಲ್ಕು ಸಂಚಿಕೆಗಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ಬಡಿಯುವಷ್ಟು ತಗ್ಗಿನ ಅಂಗಡಿಯಲ್ಲಿ ಅರವತ್ತೆರಡರ ಮೆಕ್ಯಾನಿಕ್ ಒಬ್ಬರು ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಟೈಪ್‌ರೈಟರಿನ ಅಕ್ಷರಗಳ ಮುಖ ತೊಳೆಯುತ್ತಿದ್ದಾರೆ. ಅದು ಮುಗಿದ ಮೇಲೆ ಮೂರು ಸಲ ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಹೊದಿಕೆಯಿಂದ ಹಳದಿ ಹಾಳೆಯೊಂದನ್ನು ತೆಗೆದು ಭೂತಗನ್ನಡಿಯ ಕೆಳಗಿಡುತ್ತಾರೆ. ಮುಂಜಾವಿನ ಎಳೆಬೆಳಕಿನಲ್ಲೇ ಈ ಕೆಲಸ ಆಗಬೇಕಂತೆ. “ಹೊತ್ತೇರಿದ್ರೆ ಬೆಳಕು ಕಣ್ಣಿಗೆ ಹೊಡಿಯುತ್ತೆ, ಅಕ್ಷರ ಸುಳ್ಳು ಹೇಳುತ್ತೆ” ಎನ್ನುತ್ತಾರೆ.

ಬೀದಿಯವರ ಬಾಯಲ್ಲಿ ಇವರು ‘ಟಕಟಕ ಅಣ್ಣ’. ಓದಿದ್ದು ಎಂಟನೇ ತರಗತಿ. ಹದಿಮೂರನೇ ವಯಸ್ಸಿಗೆ ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕುಳಿತವರು, ಅಪ್ಪ ಹೋಗಿ ಇಪ್ಪತ್ತು ವರ್ಷವಾದರೂ ಎದ್ದಿಲ್ಲ. ಒಂದು ಕಾಲಕ್ಕೆ ತಿಂಗಳಿಗೆ ನಲವತ್ತು ಟೈಪ್‌ರೈಟರ್ ರಿಪೇರಿಗೆ ಬರುತ್ತಿದ್ದವು. ಈಗ ಎರಡು ಬಂದರೆ ಹೆಚ್ಚು. ಹೊಟ್ಟೆ ತುಂಬಿಸುವುದು ಹೊಲಿಗೆ ಯಂತ್ರ ಮತ್ತು ಬೀಗದ ಕೆಲಸ.

ಹಾಳೆಗಳ ಹುಚ್ಚು ಹಿಡಿದದ್ದು ಮೂವತ್ತೊಂದು ವರ್ಷದ ಹಿಂದೆ. ರಿಪೇರಿಗೆ ಬಂದ ಯಂತ್ರವೊಂದರ ಅಡಿಗೆ ಯಾರೋ ಮಡಚಿಟ್ಟಿದ್ದ ಕಾಗದ ಬಿಡಿಸಿ ನೋಡಿದರೆ, ಮೇಣದ ಹಾಳೆಯಲ್ಲಿ ಟೈಪ್ ಮಾಡಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ನಕಲು ತೆಗೆದ ಒಂದು ಪತ್ರಿಕೆ. ಮುಂದೆ ಪದ್ಯಗಳು, ಹಿಂದೆ ಜಾಜ್ ಸಂಗೀತದ ಗ್ರಾಮಫೋನ್ ತಟ್ಟೆಗಳ ಬಗ್ಗೆ ಬರಹ, ಮುಂದಿನ ವಾರ ಯಾರ ಕೋಣೆಯಲ್ಲಿ ಕೂತು ಕೇಳೋಣ ಎಂಬ ಗುಟ್ಟಿನ ಸೂಚನೆ. ಸಂಪಾದಕರ ಹೆಸರಿಲ್ಲ, ವಿಳಾಸವಿಲ್ಲ. ಇಂಥ ಪತ್ರಿಕೆಗಳು ಸರ್ಕಾರದ ಕಣ್ಣು ತಪ್ಪಿಸಿ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲದ್ದು ಅದು. “ಪದ್ಯ ಅರ್ಧ ಅರ್ಥ ಆಯ್ತು. ಜಾಜ್ ಅಂದ್ರೇನು ಅಂತ ಹುಡುಕ್ಕೊಂಡು ಹೋಗಿ ಕೇಳಿದೆ. ಅಡುಗೆಮನೇಲಿ ಪಾತ್ರೆ ಬಿತ್ತೇನೋ ಅನ್ನಿಸ್ತು. ಎರಡನೇ ಸಲ ಕೇಳಿದಾಗ ಎದ್ದು ಬರೋಕೆ ಮನಸ್ಸಾಗ್ಲಿಲ್ಲ” ಎಂದು ನಗುತ್ತಾರೆ.

ಅಂದಿನಿಂದ ಭಾನುವಾರಗಳೆಲ್ಲ ರದ್ದಿ ಅಂಗಡಿಗಳಿಗೆ, ಕೆಡವುತ್ತಿರುವ ಮನೆಗಳ ಅಟ್ಟಗಳಿಗೆ. ಈಗ ಅವರ ಬಳಿ ನಲವತ್ಮೂರು ಪತ್ರಿಕೆಗಳ ಆರುನೂರ ಹನ್ನೊಂದು ಸಂಚಿಕೆಗಳಿವೆ. ಮಂಚದ ಕೆಳಗೆ, ಬೀರುವಿನ ಮೇಲೆ, ಮಗಳ ಮದುವೆಯ ಸೀರೆಗಳ ನಡುವೆ. “ನನಗೆ ಇಬ್ಬರು ಸವತಿಯರು. ಒಬ್ಬಳು ಟಕಟಕ ಅಂತಾಳೆ, ಇನ್ನೊಬ್ಬಳು ಧೂಳು ಉದುರಿಸ್ತಾಳೆ” ಎಂದು ಹೆಂಡತಿ ರೇಗಿಸುತ್ತಾರೆ. ಗೆದ್ದಲು ಬಾರದಂತೆ ತಿಂಗಳಿಗೊಮ್ಮೆ ಪೆಟ್ಟಿಗೆಗಳನ್ನೆಲ್ಲ ಬಿಡಿಸಿ ಗಾಳಿಗೆ ಹಾಕುವವರೂ ಅವರೇ.

ಕೂಡಿಡುವವರು ಬೇರೆಯವರೂ ಇದ್ದಾರು. ಆದರೆ ಯಾವ ಪತ್ರಿಕೆ ಯಾವ ಯಂತ್ರದಲ್ಲಿ ಹುಟ್ಟಿತು ಎಂದು ಅಕ್ಷರ ನೋಡಿ ಹೇಳಬಲ್ಲವರು ಇವರೊಬ್ಬರೇ. ಪ್ರತಿ ಟೈಪ್‌ರೈಟರಿಗೂ ಅದರದೇ ಊನ. ನಲವತ್ಮೂರು ಪತ್ರಿಕೆಗಳೂ ಬರೀ ಹತ್ತೊಂಬತ್ತು ಯಂತ್ರಗಳಿಂದ ಬಂದವು ಎಂದು ಇವರು ತೋರಿಸಿಕೊಟ್ಟಾಗ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಬೆರಗಾಗಿ ಹೋದರು. ಇವರ ಸಂಗ್ರಹದ ಪಟ್ಟಿ ಮಾಡುವ ಕೆಲಸವನ್ನು ಜೊತೆಗೇ ಕೂತು ಶುರುಮಾಡಿದರು.

ಸಿಡಿಲು ಬಡಿದದ್ದು ಹೋದ ವರ್ಷ, ಅದೇ ಗ್ರಂಥಪಾಲಕಿಯ ಮೇಜಿನ ಮೇಲೆ.

ಇವರ ಸಂಗ್ರಹದಲ್ಲೂ ಇದ್ದ ‘ಕರ್ಕಶ’ ಎಂಬ ಪತ್ರಿಕೆಯ ಮೇಲೆ ಐವತ್ತೆರಡು ವರ್ಷದ ಹಿಂದೆ ನಡೆದ ಮೊಕದ್ದಮೆಯ ಕಡತ ಅವರಿಗೆ ಸಿಕ್ಕಿತ್ತು. ತುತ್ತೂರಿ ನುಡಿಸುತ್ತಿದ್ದ ಸಂಪಾದಕ ಸೆರೆಮನೆಯಲ್ಲೇ ತೀರಿಕೊಂಡ. ಟೈಪಿಂಗ್ ಶಾಲೆಯೊಂದರಲ್ಲಿ ಕಲಿಸುತ್ತ, ಅಲ್ಲೇ ಗುಟ್ಟಾಗಿ ಪತ್ರಿಕೆಯನ್ನು ಟೈಪ್ ಮಾಡುತ್ತಿದ್ದ ಅವನ ತಂಗಿಗೆ ಒಂದೂವರೆ ವರ್ಷ ಶಿಕ್ಷೆ. ಟಕಟಕ ಅಣ್ಣ ಸಾಕ್ಷ್ಯದ ಹಾಳೆ ತಿರುವಿದರು. “‘ಗ’ ಬಲಕ್ಕೆ ವಾಲಿದೆ. ‘ಸ’ದ ಹೊಟ್ಟೆಯಲ್ಲಿ ಕಚ್ಚು ಬಿದ್ದಿದೆ. ‘ಳ’ ಗೆರೆಯಿಂದ ಇಳಿದಿದೆ. ಇದು ಟೈಪಿಂಗ್ ಶಾಲೆಯ ಯಂತ್ರ. ನಾನೇ ರಿಪೇರಿ ಮಾಡಿದ್ದೇನೆ.”

ಕೆಳಗೆ ಅಪ್ಪನ ಸಹಿ.

“ಮೊದಲು ‘ಗ’ ನೋಡು, ಆಮೇಲೆ ‘ಸ’ ನೋಡು ಅಂತ ಅಪ್ಪ ಕಲಿಸಿದ ಪಾಠ ಅದು. ನನ್ನ ಪಟ್ಟೀಲೂ ಅವೇ ಮಾತು ಬರೆದಿದ್ದೆ, ಒಂದಕ್ಷರ ಆಚೀಚೆ ಇಲ್ಲ” ಎನ್ನುತ್ತಾರೆ.

ನೇರ ಮನೆಗೆ ಬಂದು ಎಂಬತ್ತೇಳರ ತಾಯಿಯ ಮುಂದೆ ಕೂತರು. “ಪೊಲೀಸ್ನೋರು ಅಪ್ಪಂಗೆ ಹೊಡೆದ್ರಾ ಅಮ್ಮ?”

ಹೊಡೆದಿದ್ದರು ಎಂದು ತಾಯಿ ಹೇಳಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರಂತೆ.

“ಯಾರೂ ಹೊಡೀಲಿಲ್ಲ ಕಣೋ” ಎಂದರು ಆಕೆ. “ಕುರ್ಚಿ ಹಾಕಿ ಕೂರಿಸಿದ್ರಂತೆ. ನಿಮ್ಮಂಥ ಕಣ್ಣು ಇಡೀ ಊರಲ್ಲಿ ಯಾರಿಗೂ ಇಲ್ಲ ಅಂದ್ರಂತೆ. ಉಬ್ಬಿಹೋಗಿ ಎಲ್ಲ ಹೇಳ್ಬಿಟ್ಟು ಬಂದ್ರು. ಆ ಹುಡುಗ ಸತ್ತ ಸುದ್ದಿ ಬಂದಮೇಲೆ ಆ ಮಾತೇ ಎತ್ತಲಿಲ್ಲ.”

ಒಂಬತ್ತು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಪ್ಪನ ಸಾವಿಗೂ ಅಷ್ಟು ದಿನ ಮುಚ್ಚಿರಲಿಲ್ಲವಂತೆ. ಭೂತಗನ್ನಡಿ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. “ಜನ ನನ್ನ ಹೊಗಳಿದಾಗ ನಾನೂ ಉಬ್ಬಿದೋನೇ ಅಲ್ವಾ?” ಎಂದು ಕೇಳುತ್ತಾರೆ. ಆ ಒಂದು ಹಾಳೆಯನ್ನು ಪಟ್ಟಿಗೆ ಸೇರಿಸುವುದು ಬೇಡವೆಂದು ತಾಯಿ ಗೋಗರೆದರು: “ಸತ್ತವರ ಮಾನ ಯಾಕೋ ಕಳೀತೀಯ?” ಇವರು ಕೇಳಲಿಲ್ಲ. ಅಪ್ಪನ ಹೇಳಿಕೆ ಇಂದು ‘ಕರ್ಕಶ’ದ ಸಂಚಿಕೆಗಳ ಜೊತೆಗೆ, ಅದೇ ಪೆಟ್ಟಿಗೆಯಲ್ಲಿದೆ. ತಾಯಿ ಎರಡು ತಿಂಗಳು ಮಗನ ಜೊತೆ ಮಾತು ಬಿಟ್ಟಿದ್ದರು.

ಹತ್ತನೆಯ ದಿನ ಇವರು ಹೋದದ್ದು ಆ ಸಂಪಾದಕನ ತಂಗಿಯನ್ನು ಹುಡುಕಿಕೊಂಡು. ಈಗ ಆಕೆಗೆ ಎಪ್ಪತ್ತೆಂಟು. ಬಾಗಿಲಲ್ಲೇ ನಿಂತು, “ನಾನು ಆ ಟೈಪ್‌ರೈಟರ್ ಮೆಕ್ಯಾನಿಕ್ ಮಗ” ಎಂದರು. ಬಾಗಿಲು ಮುಚ್ಚಿತು. ಮುಂದಿನ ವಾರ ಮತ್ತೆ ಹೋದರು, ಮತ್ತೆ ಮುಚ್ಚಿತು. ಮೂರನೆಯ ಸಲ ಮಾತಾಡದೆ ಕಟ್ಟು ಬಿಚ್ಚಿ ಪತ್ರಿಕೆಗಳನ್ನು ತೋರಿಸಿದರು. ಪೊಲೀಸರು ಎಲ್ಲ ಪ್ರತಿಗಳನ್ನೂ ಸುಟ್ಟರೆಂದು ನಂಬಿ ಬದುಕಿದ್ದ ಆ ಹೆಂಗಸು ಈ ಸಲ ಬಾಗಿಲು ಮುಚ್ಚದೆ, ಮೇಲಿನ ಹಾಳೆಯ ಮೇಲೆ ಬೆರಳಾಡಿಸಿದರು.

“ಎಷ್ಟಿದೆ?”

“ಹನ್ನೊಂದು, ಅಮ್ಮ.”

“ಹದಿನಾಲ್ಕು ತಂದಿದ್ವಿ. ಉಳಿದಿದ್ದು ಹುಡುಕಿ. ಆಮೇಲೆ ಮಾತು.”

ಹನ್ನೊಂದರ ನಕಲು ಪ್ರತಿಯನ್ನು ಆಕೆಯ ಕೈಗಿತ್ತು ಬಂದವರು ಹುಡುಕತೊಡಗಿದರು. ಏಳು ತಿಂಗಳ ನಂತರ ಮುಚ್ಚಿಹೋದ ಛಾಪಖಾನೆಯೊಂದರ ಕಸದಲ್ಲಿ ಒಂಬತ್ತನೆಯ ಸಂಚಿಕೆ ಸಿಕ್ಕಿತು. ಅಂದೇ ಬಸ್ಸು ಹತ್ತಿದರು. ಆಕೆ ಒಳಗೆ ಕರೆದು ಕೂರಿಸಿ, ಅಣ್ಣ ತುತ್ತೂರಿಯ ಬಗ್ಗೆ ಬರೆದ ಪುಟವನ್ನು ಗಟ್ಟಿಯಾಗಿ ಓದಿದರಂತೆ. ನಡುವೆ ತಟಕ್ಕನೆ ನಿಂತು, “ಅಯ್ಯೋ, ಇಲ್ಲೊಂದು ಅಕ್ಷರ ತಪ್ಪು ಹೊಡೆದಿದೀನಿ!” ಎಂದು ಪೆನ್ಸಿಲ್ ತಂದು ತಿದ್ದಿದರಂತೆ, ಅರ್ಧ ಶತಮಾನದ ಮೇಲೆ.

ಆಕೆ ಕ್ಷಮಿಸಿದೆ ಎಂದರೇ?

“ಇಲ್ಲ, ಅದನ್ನ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ” ಎನ್ನುತ್ತಾರೆ ಟಕಟಕ ಅಣ್ಣ. “ಇನ್ನೆರಡು ಬಾಕಿ ಅಂದ್ರು. ಆಮೇಲೆ ತಿದ್ದಿದ ಹಾಳೇನ ನನ್ನ ಕಡೆ ತಳ್ಳಿ, ಸರಿಯಾಗಿದೆಯಾ ಒಂದ್ಸಲ ನೋಡಿ ಅಂದ್ರು. ನೋಡಿ ಹೇಳಿದೆ, ಸರಿಯಾಗಿದೆ ಅಮ್ಮ ಅಂತ.”