ಅತ್ತೆ ಹಿಡಿಯದ ಕೈ

ದೊಡ್ಡಬಳ್ಳಾಪುರದ ನಮ್ಮ ಚರ್ಚಿನಲ್ಲಿ ಹೆಂಗಸರು ಎಡಗಡೆ, ಜಮಖಾನದ ಮೇಲೆ. ಅತ್ತೆ ನಡುವೆ, ಆ ಪಕ್ಕ ನನ್ನ ಓರಗಿತ್ತಿ, ಈ ಪಕ್ಕ ನಾನು. ಭಾನುವಾರದ ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂಚೆ ಎಲ್ಲರೂ ಎದ್ದು ನಿಂತಿರುವಾಗ, ಒಬ್ಬರಿಗೊಬ್ಬರು ಶಾಂತಿ ಹಂಚಿಕೊಳ್ಳಿ ಎನ್ನುತ್ತಾರೆ ಗುರುಗಳು. ನಮ್ಮಲ್ಲಿ ಕೈಕುಲುಕುವ ರೂಢಿಯಿಲ್ಲ. ಕೈಮುಗಿದು ಆ ಕಡೆ ಈ ಕಡೆ ತಲೆಬಾಗಿದರೆ ಆಯಿತು. ಅತ್ತೆ ನನಗೂ ಹಾಗೆಯೇ ಕೈಮುಗಿಯುತ್ತಿದ್ದರು, ಯಾರೋ ಪಕ್ಕದ ಬೀದಿಯವಳಿಗೆ ಮುಗಿದ ಹಾಗೆ. ಓರಗಿತ್ತಿಯ ಕಡೆ ತಿರುಗಿದಾಗ ಮಾತ್ರ ಅವಳ ಎರಡೂ ಕೈ ಹಿಡಿದು ನಿಂತುಬಿಡುತ್ತಿದ್ದರು.

ನನಗೆ ಹೊಟ್ಟೆ ಉರಿಯುತ್ತಿತ್ತು. ದೊಡ್ಡ ಸೊಸೆ ನಾನು. ಅತ್ತೆಯ ಬಿಪಿ ಮಾತ್ರೆ ನೆನಪಿಡುವವಳು, ಮಂಡಿಗೆ ಎಣ್ಣೆ ತಿಕ್ಕುವವಳು ನಾನು. ಒಂದು ದಿನವೂ ಎದುರು ಮಾತಾಡಿದವಳಲ್ಲ. ಓರಗಿತ್ತಿ ಸಾಸಲು ಕಡೆಯವಳು, ಬಾಯಿ ಜೋರು. ಮುದ್ದೆ ಗಂಟಾಗಿದೆ ಎಂದರೆ, ನೀವೇ ತಿರುವಿಕೊಳ್ಳಿ ಎಂದು ಕೋಲನ್ನು ಅತ್ತೆಯ ಕೈಗೇ ಕೊಡುವವಳು. ಇಂಥವಳಿಗೆ ಆ ಭಾಗ್ಯ. ಬಾಯಲ್ಲಿ ಶಾಂತಿ ಎನ್ನುತ್ತ, ಕಣ್ಣನ್ನು ಆ ಕೈಗಳ ಮೇಲೆಯೇ ನೆಟ್ಟು, ಎಷ್ಟೋ ಭಾನುವಾರ ನಾನು ಪ್ರಸಾದ ತೆಗೆದುಕೊಂಡಿದ್ದೇನೆ.

ಕಳೆದ ವರ್ಷ ಒಂದು ಭಾನುವಾರ ಪೂಜೆ ಮುಗಿಸಿ ಬರುವಾಗ ಓರಗಿತ್ತಿ ಹೂವು ಕೊಳ್ಳಲು ಹಿಂದೆ ಉಳಿದಳು. ನನಗೆ ತಡೆಯಲಾಗಲಿಲ್ಲ. ಅವಳ ಕೈ ಮಾತ್ರ ಯಾಕೆ ಹಿಡಿಯುತ್ತೀರಿ ಎಂದು ಅತ್ತೆಯನ್ನು ಕೇಳಿಯೇಬಿಟ್ಟೆ. ಇದೇನು ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದರು.

"ಅವಳ ಹತ್ರ ವಾರ ಪೂರ್ತಿ ಕಿತ್ತಾಡಿರ್ತೀನಲ್ಲಮ್ಮ. ರಾಜಿ ಆಗ್ದೆ ಪ್ರಸಾದ ಹೆಂಗ್ ತಗೊಳ್ಳೋದು? ನಿನ್ನ ಹತ್ರ ನಂಗೇನ್ ಜಗಳ ಐತೆ?"

ಇದನ್ನು ಕೇಳಿ ಸಮಾಧಾನವಾಗಬೇಕಿತ್ತು. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಈಗ ಅದು ಅವರ ಜಗಳದ ಮೇಲೆ. ಅಡುಗೆಮನೆಯಲ್ಲಿ ಇಬ್ಬರೂ ಕೂಗಾಡಿ, ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕೂತು ಒಂದೇ ತಟ್ಟೆಯ ಕಡಲೆಪುರಿ ತಿನ್ನುತ್ತಿದ್ದರು. ನಾನು ಒಳಗೆ ಪಾತ್ರೆ ಜೋಡಿಸುತ್ತಿದ್ದೆ. ನನ್ನನ್ನು ಯಾರೂ ಬಯ್ಯುತ್ತಿರಲಿಲ್ಲ, ಕರೆಯುತ್ತಲೂ ಇರಲಿಲ್ಲ.

ಆ ವಾರವೇ ಒಂದು ಸಂಜೆ ಊಟಕ್ಕೆ ಕೂತಾಗ, ಸಾರು ಬರೀ ನೀರು ಎಂದು ಅತ್ತೆ ಓರಗಿತ್ತಿಗೆ ಬಯ್ಯತೊಡಗಿದರು. ಆ ಸಾರು ಮಾಡಿದವಳು ನಾನು.

"ಅದನ್ನ ಮಾಡಿದ್ದು ನಾನು ಅತ್ತೆ. ನಂಗೆ ಬಯ್ಯಿರಿ," ಎಂದೆ.

ಅತ್ತೆ ತಟ್ಟೆಯ ಕಡೆ ನೋಡಿದರು. ಇನ್ನೊಂದು ತುತ್ತನ್ನು ಸಾರಿನಲ್ಲಿ ಅದ್ದಿ, ನುಂಗಿ, ನನಗೆ ಮೆಲ್ಲಗೆ ಹೇಳಿದರು.

"ಚೆನ್ನಾಗೇ ಐತೆ ಬಿಡಮ್ಮ."